ಚುಕ್ಕೆಗೆ ಜಾಗ ಬಿಟ್ಟು

ಕನ್ನಡದಲ್ಲಿ ನನ್ನನ್ನು ಹೆದರಿಸುವ ಅಕ್ಷರ ಠ. ಗೋಡೆಯ ಮೇಲೆ ಹೆದರಿಕೆಯಿಲ್ಲ, ಕಾಗದದ ಮೇಲೂ ಇಲ್ಲ. ಚರ್ಮದ ಮೇಲೆ ಮಾತ್ರ. ಶ್ರೀಕಂಠ, ನೀಲಕಂಠ, ವಿಠ್ಠಲ ಎಂಬ ಹೆಸರು ಹಿಡಿದುಕೊಂಡು ಯಾರಾದರೂ ಬಂದು ‘ಮಣಿಕಟ್ಟಿನ ಹತ್ರ ಸಣ್ಣಕ್ಕೆ ಹಾಕ್ರಿ ಅಣ್ಣಾ, ಕಂಡೂ ಕಾಣದಂಗಿರ್ಲಿ’ ಅಂದರೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಸ್ಕೇಲನ್ನು, ಆಮೇಲೆ ಸೂಜಿ. ಠದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇದೆಯಲ್ಲ, ಅದೇ ತಕರಾರು. ಅಕ್ಷರ ತೀರ ಸಣ್ಣದಾದರೆ ಆ ಚುಕ್ಕೆಗೂ ಸುತ್ತಲಿನ ಗೆರೆಗೂ ನಡುವೆ ಉಳಿಯುವ ಜಾಗ ಕೂದಲೆಳೆಯಷ್ಟು. ಇವತ್ತು ಚೆಂದ ಕಾಣುತ್ತದೆ, ಫೋಟೊದಲ್ಲಿ ಇನ್ನೂ ಚೆಂದ. ವರ್ಷಗಳು ಕಳೆದ ಹಾಗೆ ಶಾಯಿ ಒಳಗೊಳಗೇ ಹರಡಿ ಚುಕ್ಕೆ, ಗೆರೆ ಎರಡೂ ಕೂಡಿಕೊಂಡು ಅಲ್ಲೊಂದು ಕಪ್ಪು ಉಂಡೆ ಉಳಿಯುತ್ತದೆ. ಅದಕ್ಕೆ ಹೆದರಿ ಚುಕ್ಕೆಯನ್ನು ತೀರ ಹಗುರಾಗಿ ಇಟ್ಟರೆ ಗಾಯ ಮಾಯುವಾಗಲೇ ಅದು ಹಾರಿಹೋಗಿ ಶ್ರೀಕಂಠ ಶ್ರೀಕಂರ ಆಗುತ್ತಾನೆ.

ಥ ಕೂಡ ಹೀಗೆಯೇ. ನಮ್ಮ ದಾವಣಗೆರೆ ಕಡೆ ಬೀದಿಗೆ ನಾಲ್ಕು ಜನ ಮಂಜುನಾಥ ಇರುವುದರಿಂದ ಅದರಿಂದ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಧ ಮತ್ತು ಭದ ಕೆಳಗಿನ ಸೀಳು ಮುಚ್ಚಿಕೊಂಡರೆ ಮಹಾಪ್ರಾಣ ಹೋಗಿ ಅಲ್ಪಪ್ರಾಣ ಉಳಿಯುತ್ತದೆ. ಮ ಅಂತೂ ಸುರುಳಿಗಳದೇ ಅಕ್ಷರ. ಇಂಗ್ಲಿಷಿನ ನೆಟ್ಟಗಿನ ಗೆರೆಯ ಅಕ್ಷರಗಳನ್ನು ಅಕ್ಕಿಕಾಳಿನಷ್ಟಕ್ಕೂ ಇಳಿಸಬಹುದು. ಕನ್ನಡ ದುಂಡಗಿನ ಭಾಷೆ, ಅದಕ್ಕೆ ಹೊಟ್ಟೆ ತುಂಬ ಗಾಳಿ ಬೇಕು. ಹಾಗಾಗಿ ಗಿರಾಕಿ ಕೇಳಿದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುವುದೇ ನನ್ನ ರೂಢಿ. ಒಪ್ಪದಿದ್ದರೆ ಚಹಾ ಕುಡಿಸಿ ಕಳಿಸುತ್ತೇನೆ.

ಶಾಯಿ ಏಕೆ ಹರಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅದು ನಿಲ್ಲುವುದಾದರೂ ಹೇಗೆ? ಚರ್ಮದ ಮೇಲಿನ ಪದರ ತಿಂಗಳಿಗೊಮ್ಮೆಯೋ ಸ್ವಲ್ಪ ಹೆಚ್ಚು ಕಡಿಮೆಯೋ ಉದುರಿ ಹೊಸದಾಗುತ್ತಲೇ ಇರುತ್ತದೆ. ಶಾಯಿ ಅಲ್ಲಿದ್ದರೆ ಮದರಂಗಿಯಂತೆ ಹೊರಟುಹೋಗುತ್ತಿತ್ತು. ನಮ್ಮ ಸೂಜಿ ಅದರ ಕೆಳಗಿನ ಪದರಕ್ಕೆ, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ ಹೋಗಬೇಕು. ಮೇಲಾದರೆ ನಿಲ್ಲುವುದಿಲ್ಲ, ಕೆಳಗಾದರೆ ಕೊಬ್ಬಿನ ಪದರಕ್ಕೆ ಇಳಿದು ಗೆರೆಯ ಸುತ್ತ ನೀಲಿ ಮಂಜು ಕಟ್ಟುತ್ತದೆ. ಸರಿಯಾದ ಜಾಗದಲ್ಲಿ ಬಿದ್ದ ಶಾಯಿಯನ್ನು ಮೈ ಹೊರಗಿನ ಶತ್ರು ಎಂದೇ ತಿಳಿಯುತ್ತದೆ. ರಕ್ಷಣೆಗೆ ಇರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ಬಂದು ಶಾಯಿಯ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಆ ಕೋಶ ಸತ್ತಾಗ ಕಣಗಳು ಹೊರಬೀಳುತ್ತವೆ, ಪಕ್ಕಕ್ಕೆ ಬಂದ ಹೊಸ ಕೋಶ ಅವನ್ನು ಮತ್ತೆ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಮಾರ್ಸೆ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಈ ಕೈಬದಲಾವಣೆಯನ್ನು ತೋರಿಸಿದರು. ಕೈ ಬದಲಾಗುವಾಗೆಲ್ಲ ಕಣಗಳು ಚೂರು ಆಚೀಚೆ ಸರಿದರೆ ಗೆರೆ ದಪ್ಪವಾಗುತ್ತದೆ. ನನ್ನ ಕೆಲಸವೆಲ್ಲ ಆ ಸರಿದಾಟಕ್ಕೆ ಮೊದಲೇ ಜಾಗ ಬಿಟ್ಟಿಡುವುದು.

ನಾನು ಮೂಲತಃ ಬೋರ್ಡು ಬರೆಯುತ್ತಿದ್ದವನು. ಅಂಗಡಿ ಬೋರ್ಡು, ಲಾರಿ ಹಿಂದಿನ ಸಾಲು, ಶಾಲೆ ಗೋಡೆಯ ಸುಭಾಷಿತ, ಚುನಾವಣೆ ಬಂದರೆ ಊರೂರಿನ ಗೋಡೆ. ಎನಾಮಲ್ ಡಬ್ಬಿ, ಟರ್ಪೆಂಟೈನ್, ಅಳಿಲುಬಾಲದ ಬ್ರಷ್ಷು. ದಾರಕ್ಕೆ ಬಣ್ಣದ ಪುಡಿ ಸವರಿ ಎರಡು ತುದಿ ಹಿಡಿದು ಚಿಮ್ಮಿಸಿದರೆ ಗೋಡೆ ಮೇಲೆ ನೆಟ್ಟನೆಯ ಗೆರೆ. ನನ್ನ ಗುರುಗಳು ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಆ ಗೆರೆಗಳ ನಡುವೆ ನೇರ ಬ್ರಷ್ಷಿನಲ್ಲೇ ಅಕ್ಷರ ಇಳಿಸುತ್ತಿದ್ದರು. ‘ಮೊದ್ಲು ಅಕ್ಷರದೊಳಗಿನ ಖಾಲಿ ನೋಡ್ಕ, ಆಮೇಲೆ ಗೆರೆ ಎಳಿ’ ಎಂಬುದು ಅವರ ಏಕೈಕ ಪಾಠ. 2000ದ ಈಚೆಗೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಮೂರು ಗಂಟೆಯಲ್ಲಿ, ಅದೂ ಅರ್ಧ ದುಡ್ಡಿಗೆ, ಮೇಲೆ ಮಾಲೀಕನ ಫೋಟೊ ಬೇರೆ. ಜೊತೆಗಿದ್ದವರಲ್ಲಿ ಒಬ್ಬ ಮನೆಗಳಿಗೆ ಬಣ್ಣ ಹೊಡೆಯಲು ಹೋದ, ಇನ್ನೊಬ್ಬ ಫ್ಲೆಕ್ಸ್ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕುಳಿತ, ಮತ್ತೊಬ್ಬ ಮಂಡಕ್ಕಿ ಭಟ್ಟಿ ಸೇರಿದ. ನಾನು ಬೆಂಗಳೂರಿಗೆ ಹೋಗಿ ಒಬ್ಬ ಟ್ಯಾಟೂ ಕಲಾವಿದನ ಅಂಗಡಿಯಲ್ಲಿ ನೆಲ ಒರೆಸುವುದರಿಂದ ಶುರು ಮಾಡಿದೆ. ಕಲಿತದ್ದು ಬಾಳೆಹಣ್ಣಿನ ಸಿಪ್ಪೆಯ ಮೇಲೆ, ಆಮೇಲೆ ಸಿಲಿಕಾನ್ ಹಾಳೆಯ ಮೇಲೆ, ಆಮೇಲೆ ನನ್ನದೇ ತೊಡೆಯ ಮೇಲೆ.

ಗೋಡೆ ಅಲುಗಾಡುವುದಿಲ್ಲ, ಉಸಿರಾಡುವುದಿಲ್ಲ, ‘ಇನ್ನೆಷ್ಟೊತ್ತು’ ಎಂದು ಕೇಳುವುದಿಲ್ಲ. ಚರ್ಮವನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಸೂಜಿ ಕುಪ್ಪಳಿಸುತ್ತದೆ. ನೋಡುವವರು ಬಲಗೈ ನೋಡುತ್ತಾರೆ, ಸಂಜೆಗೆ ನೋಯುವುದು ಎಡಗೈ. ಮುಂಗೈಯಲ್ಲಿ ಇನ್ನೊಂದು ಮೋಸ ಇದೆ. ಅಂಗೈ ಮೇಲೆ ಮಾಡಿ ಮಲಗಿಸಿಕೊಂಡು ನೆಟ್ಟಗೆ ಬರೆದ ಸಾಲು, ಅವನು ಎದ್ದು ಕೈ ಇಳಿಬಿಟ್ಟ ಕೂಡಲೇ ತಿರುಚಿಕೊಳ್ಳುತ್ತದೆ. ಒಳಗಿನ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುತ್ತವೆ, ಚರ್ಮವೂ ಜೊತೆಗೆ ಹೊರಳುತ್ತದೆ. ಅದಕ್ಕೇ ಸ್ಟೆನ್ಸಿಲ್ ಅಂಟಿಸುವಾಗ ಗಿರಾಕಿಯನ್ನು ನಿಲ್ಲಿಸಿ, ಬಸ್ಸಿಗೆ ಕಾಯುವಾಗ ಹೇಗೆ ನಿಲ್ಲುತ್ತಾನೋ ಹಾಗೆ ನಿಲ್ಲು ಎನ್ನುತ್ತೇನೆ. ಅಕ್ಷರ ಯಾವ ಕಡೆಗೆ ಮುಖ ಮಾಡಬೇಕು ಎಂಬುದಂತೂ ಮುಗಿಯದ ಜಗಳ. ತನಗೇ ಓದಲು ಬರಬೇಕು ಎನ್ನುತ್ತಾರೆ ಹೆಚ್ಚಿನವರು. ಎದುರಿಗೆ ನಿಂತವನಿಗೆ ಆಗ ಅದು ತಲೆಕೆಳಗು. ನಾನು ಎದುರಿಗಿರುವವನ ಪಕ್ಷ. ಬೋರ್ಡು ಬರೆದ ಅಭ್ಯಾಸ, ಏನು ಮಾಡುವುದು. ಆದರೆ ಕೈ ನನ್ನದಲ್ಲವಲ್ಲ.

ಬೋರ್ಡು ಬರೆದದ್ದರ ನಿಜವಾದ ಲಾಭ ಬೇರೆಯೇ. ದೊಡ್ಡ ಊರುಗಳಲ್ಲಿ ಕನ್ನಡ ಓದಲು ಬಾರದ ಕಲಾವಿದರು ಎಷ್ಟೋ ಜನ ಇದ್ದಾರೆ. ಕೈ ಚಿನ್ನದಂಥದು, ಅಕ್ಷರ ಗೊತ್ತಿಲ್ಲ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಚಿತ್ರ ತಿದ್ದುವ ತಂತ್ರಾಂಶಕ್ಕೆ ಹಾಕುತ್ತಾರೆ. ಆ ತಂತ್ರಾಂಶಕ್ಕೆ ಕನ್ನಡದ ಒತ್ತು ಕೂಡಿಸಲು ಬಾರದಿದ್ದರೆ ‘ಅಮ್ಮ’ ಒಡೆದು ‘ಅಮ್‌ಮ’ ಆಗುತ್ತದೆ. ಅದೇ ಸ್ಟೆನ್ಸಿಲ್ ಆಗಿ, ಅದೇ ಚರ್ಮಕ್ಕಿಳಿದು, ಹುಡುಗ ಊರಿಗೆ ಬಂದು ತಾಯಿಗೆ ತೋರಿಸಿದಾಗ ಆಕೆಗೇ ಮೊದಲು ಗೊತ್ತಾಗುತ್ತದೆ. ಅಂಥವು ತಿದ್ದಲು ನನ್ನ ಹತ್ತಿರ ಬರುತ್ತವೆ. ಮ್ ಮೇಲಿನ ಕೊಂಬನ್ನು ತಲೆಕಟ್ಟಿಗೆ ತಿರುಗಿಸಿ, ಮುಂದಿನ ಮವನ್ನು ಒಂದು ಹೂವಿನೊಳಗೆ ಅಡಗಿಸಿ, ಕೆಳಗೆ ಹೊಸದಾಗಿ ಒತ್ತು ಕೊಡುತ್ತೇನೆ. ಆ ಹೂವು ಏಕೆ ಬಂತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಈಚಿನ ಕೆಲಸಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಹೆಬ್ಬೆಟ್ಟು. ಹರಿಹರದ ಕಡೆಯ ಒಬ್ಬ ಇಂಜಿನಿಯರ್ ಹುಡುಗ, ತಾಯಿ ತೀರಿಕೊಂಡಿದ್ದರು. ತಂದದ್ದು ಫೋಟೊ ಅಲ್ಲ. ಹಳೆಯ ಬ್ಯಾಂಕ್ ಫಾರಂ ಒಂದರ ಜೆರಾಕ್ಸ್. ಅದರ ಮೂಲೆಯಲ್ಲಿ ನೀಲಿ ಶಾಯಿಯ ಎಡಗೈ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಯಾರೋ ಗುಮಾಸ್ತರು ಬರೆದ ಆಕೆಯ ಹೆಸರು. ‘ಅವ್ವಂಗೆ ಸಹಿ ಬರ್ತಿರ್ಲಿಲ್ಲ ಅಣ್ಣಾ. ಇದೇ ಆಕೆ ಸಹಿ’ ಅಂದ. ಇದ್ದ ಅಳತೆಯಲ್ಲೇ ಬೇಕು, ಆಕೆಯ ಬೆರಳಿನಷ್ಟೇ ಇರಬೇಕು ಎಂಬುದು ಅವನ ಹಟ.

ಹೆಬ್ಬೆರಳಿನ ಗೆರೆಗಳ ನಡುವಿನ ಅಂತರ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್. ನನ್ನ ಅತಿ ಸಣ್ಣ ಸೂಜಿಯ ಗೆರೆಯೇ ಮಾಯ್ದ ಮೇಲೆ ಅದರ ಹತ್ತಿರಕ್ಕೆ ಬರುತ್ತದೆ. ಇದ್ದ ಅಳತೆಗೆ ಹಾಕಿದರೆ ಕೆಲವೇ ವರ್ಷಗಳಲ್ಲಿ ಆಕೆಯ ಬೆರಳಿನ ಗುರುತು ಹೋಗಿ ಒಂದು ಬೂದು ಮಚ್ಚೆ ಉಳಿಯುತ್ತಿತ್ತು. ಕಾಗದದ ಮೇಲೆ ಎರಡು ಪಟ್ಟು, ಮೂರು ಪಟ್ಟು ದೊಡ್ಡದು ಮಾಡಿ ತೋರಿಸಿದೆ. ಮೂರು ಪಟ್ಟಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಬೆರಳಿನ ಮಧ್ಯದಿಂದ ಓರೆಯಾಗಿ ಒಂದು ಬಿಳಿ ಸೀಳು, ಗೆರೆಗಳೆಲ್ಲ ಅಲ್ಲಿಗೆ ಬಂದು ಕಡಿದುಹೋಗಿದ್ದವು. ಜೆರಾಕ್ಸಿನ ದೋಷ ಇರಬೇಕು, ಕೂಡಿಸಿಬಿಡಲೇ ಎಂದು ಕೇಳಿದೆ. ಹುಡುಗ ಕಾಗದವನ್ನು ಹತ್ತಿರಕ್ಕೆ ಹಿಡಿದು ನೋಡಿ, ‘ಇಲ್ಲ, ಅದು ಕುಡುಗೋಲು ತಾಗಿದ್ದು. ಮೆಕ್ಕೆಜೋಳ ಕೊಯ್ಯೋವಾಗ’ ಅಂದ. ಆ ಮೇಲೆ ಅಳತೆಯ ಮಾತೇ ಬರಲಿಲ್ಲ. ಮೂರು ಪಟ್ಟು ದೊಡ್ಡದಾಗಿ, ಸೀಳಿನ ಜಾಗ ಖಾಲಿ ಬಿಟ್ಟು, ಮುಂಗೈ ಒಳಬದಿಗೆ ಹಾಕಿದೆ. ಹೆಬ್ಬೆಟ್ಟು ಗಿರಾಕಿ ಎಂದು ಬೈಗುಳವಾಗಿ ಬಳಸುವ ಊರಿನಲ್ಲಿ ಒಬ್ಬ ಇಂಜಿನಿಯರ್ ಅದನ್ನು ಕೈಮೇಲೆ ಹೊತ್ತುಕೊಂಡು ಆಫೀಸಿಗೆ ಹೋಗುತ್ತಾನೆ.

ಇದರ ತದ್ವಿರುದ್ಧ ನನ್ನ ಮನೆಯಲ್ಲೇ ನಡೆದಿದೆ, ಅಕ್ಕನ ವಿಷಯದಲ್ಲಿ. ಅದಕ್ಕೆ ಮೊದಲು ಅವ್ವನ ಕತೆ ಹೇಳಬೇಕು. ನಮ್ಮವ್ವನ ಎರಡೂ ಮುಂಗೈ ತುಂಬ ಹಚ್ಚೆ. ಒಂದು ಕೈಯಲ್ಲಿ ರಂಗೋಲಿಯ ಚುಕ್ಕೆಸಾಲು, ತೊಟ್ಟಿಲು, ನವಿಲು, ಇನ್ನೊಂದರಲ್ಲಿ ಚೇಳು, ಗಲ್ಲದ ಮೇಲೆ ಒಂದು ಬೊಟ್ಟು. ಹುಬ್ಬಳ್ಳಿ, ಗದಗ ಕಡೆಯವರು ಇದನ್ನು ಹಣಚಿಬೊಟ್ಟು ಎನ್ನುತ್ತಾರೆ. ಮದುವೆಗೆ ಮುಂಚೆ ಹಚ್ಚೆ ಇಲ್ಲದ ಹುಡುಗಿಯ ಕೈಯ ನೀರು ಕುಡಿಯದ ಅತ್ತೆಯರಿದ್ದರಂತೆ. ಒಡವೆಯನ್ನು ಕಳ್ಳ ಕದಿಯುತ್ತಾನೆ, ಗಂಡ ಅಡ ಇಡುತ್ತಾನೆ, ಸತ್ತ ಮೇಲೆ ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂಬ ಮಾತನ್ನು ಅವ್ವ ಈಗಲೂ ನಗುತ್ತ ಹೇಳುತ್ತಾಳೆ. ಹಾಕಿಸಿದ ದಿನ ಮಾತ್ರ ನಗಲಿಲ್ಲ. ಇಬ್ಬರು ಅತ್ತೆಯರು ಭುಜ ಹಿಡಿದಿದ್ದರು, ಹಚ್ಚೆಯಮ್ಮ ಹಾಡು ಹೇಳುತ್ತ ಚುಚ್ಚುತ್ತಿದ್ದಳು. ಹಾಡು ಏಕೆಂದರೆ, ಅಳುವ ಹುಡುಗಿಯ ಗಮನ ಬೇರೆಡೆ ಹೋಗಲಿ ಅಂತ. ನಾನು ಅದಕ್ಕೆ ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೇನೆ.

ಆಗಿನ ಸಾಮಾನು ಏನಿತ್ತು? ಮೂರೋ ನಾಲ್ಕೋ ಸೂಜಿ ಸೇರಿಸಿ ದಾರ ಸುತ್ತಿದ ಕಟ್ಟು. ದೀಪದ ಕಪ್ಪು, ಅದನ್ನು ಕಲಸಲು ಗರುಗದ ಸೊಪ್ಪಿನ ರಸ, ಕೆಲವು ಕಡೆ ಎದೆಹಾಲು. ಚುಚ್ಚಿದ ಮೇಲೆ ಅರಿಶಿನ. ಕೂಲಿ ಜೋಳ, ಹಳೇ ಸೀರೆ. ಅವ್ವನ ಹಚ್ಚೆ ಈಗ ಹಸಿರಾಗಿ ಕಾಣುತ್ತದೆ, ಹಸಿರು ಬಣ್ಣವನ್ನೇ ಹಾಕಿದ್ದರೆಂದು ನೋಡಿದವರೆಲ್ಲ ತಿಳಿಯುತ್ತಾರೆ. ಅದು ಅಪ್ಪಟ ಕಪ್ಪು. ಚರ್ಮದ ಆಳದಲ್ಲಿರುವ ಕಪ್ಪು ಕಣ ಬೆಳಕನ್ನೆಲ್ಲ ಹೀರಿಕೊಳ್ಳುತ್ತದೆ. ಅದರ ಮೇಲಿರುವ ಚರ್ಮ ಮಾತ್ರ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸಿ ಹಿಂದಕ್ಕೆ ಕಳಿಸುತ್ತದೆ. ನಮ್ಮ ಮೈಬಣ್ಣದ ಕಂದು ಅದಕ್ಕೆ ಬೆರೆತರೆ ಹಸಿರು. ಇದೇ ಲೆಕ್ಕದಲ್ಲಿ ವಿದೇಶದವರ ಕೈಮೇಲಿನ ಹಳದಿ, ತಿಳಿಗುಲಾಬಿ ಹೂಗಳನ್ನು ಫೋನಿನಲ್ಲಿ ತೋರಿಸಿ ಅದೇ ಬೇಕು ಎನ್ನುವವರಿಗೂ ಉತ್ತರ ಇದೆ. ನಮ್ಮ ಮೈಬಣ್ಣ ಇರುವುದು ಮೇಲಿನ ಪದರದಲ್ಲಿ, ಶಾಯಿ ಅದರ ಕೆಳಗೆ. ಚಿತ್ರವನ್ನು ನಾವು ನೋಡುವುದು ಬಣ್ಣದ ಗಾಜಿನ ಹಿಂದಿನಿಂದ. ಕಂದು ಗಾಜಿನ ಹಿಂದೆ ತಿಳಿಹಳದಿ ಇಟ್ಟು ಫಲವಿಲ್ಲ. ಕಪ್ಪು, ಕಡುಗೆಂಪು ನಿಲ್ಲುತ್ತವೆ. ಅವ್ವನ ಕಾಲದ ಹೆಂಗಸರು ದೀಪದ ಕಪ್ಪನ್ನೇ ಆರಿಸಿಕೊಂಡದ್ದು ಬಡತನಕ್ಕೆ ಮಾತ್ರ ಅಲ್ಲ ಎಂದು ನನ್ನ ಗುಮಾನಿ.

ನಮ್ಮ ಕಡೆ ಹಚ್ಚೆ ಹಾಕುತ್ತಿದ್ದವರು ಹೆಚ್ಚಾಗಿ ಕೊರಚ, ಕೊರಮ ಸಮುದಾಯದ ಹೆಂಗಸರು. ಗಂಡಸರು ಬುಟ್ಟಿ ಹೆಣೆಯುತ್ತಿದ್ದರು, ಅದಕ್ಕೂ ಹಿಂದೆ ಕತ್ತೆ, ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಮಾರುತ್ತಿದ್ದರು. ರೈಲು ಬಂದು ಆ ವ್ಯಾಪಾರ ಕಿತ್ತುಕೊಂಡಿತು. ಅದರ ಬೆನ್ನಿಗೇ, 1871ರಲ್ಲಿ ಶುರುವಾಗಿ 1911ರಲ್ಲಿ ದೇಶಕ್ಕೆಲ್ಲ ಹಬ್ಬಿದ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯ್ದೆ ರದ್ದಾದದ್ದು 1952ರಲ್ಲಿ. ಊರಿನ ಪ್ರತಿ ಮನೆಯ ಹುಡುಗಿಯ ಕೈ ಹಿಡಿದು ಸೌಭಾಗ್ಯದ ಗುರುತು ಹಾಕುವ ಹೆಂಗಸಿನ ಮನೆಯವರು ದಿನಾ ಪೊಲೀಸರ ಮುಂದೆ ನಿಂತು ಹಾಜರಿ ಕೊಡಬೇಕಾಗಿತ್ತು. ನನ್ನ ಅಂಗಡಿಯ ಗೋಡೆ ಮೇಲೆ ಹೊರದೇಶದ ಕಲಾವಿದರ ಪೋಸ್ಟರುಗಳಿವೆ; ಅವ್ವನ ಕೈಗೆ ಹಚ್ಚೆ ಹಾಕಿದಾಕೆಯ ಹೆಸರು ಅವ್ವನಿಗೂ ಗೊತ್ತಿಲ್ಲ. ‘ಹಚ್ಚೆಯಮ್ಮ ಅಂತಿದ್ವಿ ಕಣೋ, ಅಷ್ಟೆ’ ಅನ್ನುತ್ತಾಳೆ.

ಅಕ್ಕನ ಕತೆ ಬೇರೆ. ಅವಳ ಗಲ್ಲಕ್ಕೂ ಅಜ್ಜಿ ಹಟ ಹಿಡಿದು ಒಂದು ಬೊಟ್ಟು ಹಾಕಿಸಿದ್ದಳು. ಅಕ್ಕ ಟೀಚರ್ ಟ್ರೈನಿಂಗಿಗೆ ಪಟ್ಟಣಕ್ಕೆ ಹೋದಾಗ ಆ ಬೊಟ್ಟು ಹಳ್ಳಿಗುಗ್ಗಿನ ಗುರುತಾಯಿತು. ಪೌಡರು, ಕ್ರೀಮು, ಸುಣ್ಣ, ಕೊನೆಗೆ ಗೇರುಬೀಜದ ಎಣ್ಣೆ ಕೂಡ ಹಚ್ಚಿ ಚರ್ಮ ಸುಟ್ಟುಕೊಂಡಳು. ಆ ತಲೆಮಾರಿನ ಬಹಳಷ್ಟು ಹೆಂಗಸರ ಕತೆ ಇದು. ತುಂಬುತೋಳಿನ ರವಿಕೆ ಹಾಕಿ ಮುಂಗೈ ಮುಚ್ಚಿಕೊಂಡವರು, ಫೋಟೊ ತೆಗೆಸುವಾಗ ಸೆರಗು ಎಳೆದುಕೊಂಡವರು. ಈಗ ಅಕ್ಕನ ಮಗಳು ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ, ಅಜ್ಜಿಯ ಕೈಯ ಫೋಟೊ ತೆಗೆದು ನನಗೇ ಕಳಿಸಿ ‘ಮಾವ, ಇದೇ ನವಿಲು ನನಗೂ ಬೇಕು’ ಎಂದು ಕೇಳಿದಳು. ಹಾಕಿಕೊಟ್ಟೆ. ಅಕ್ಕ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಅಕ್ಕನ ಬೊಟ್ಟು ತೆಗೆಸಬಹುದೇ ಎಂದರೆ, ತೆಗೆಸಬಹುದು. ಚರ್ಮವೈದ್ಯರು ಲೇಸರ್ ಬಳಸುತ್ತಾರೆ. ಬೆಳಕಿನ ಅತಿ ಚಿಕ್ಕ ಏಟುಗಳು ಶಾಯಿಯ ಕಣಗಳನ್ನು ಒಡೆಯುತ್ತವೆ, ಚೂರುಗಳನ್ನು ಮೈ ನಿಧಾನಕ್ಕೆ ಸಾಗಿಸುತ್ತದೆ. ಕಪ್ಪು ಬೇಗ ಕರಗುತ್ತದೆ, ಹಸಿರು ಮತ್ತು ನೀಲಿ ಹಟಮಾರಿಗಳು. ಒಂದೇ ಸಲಕ್ಕೆ ಆಗುವ ಕೆಲಸವಲ್ಲ, ನಡುನಡುವೆ ವಾರಗಟ್ಟಲೆ ಬಿಡುವು ಬೇಕು, ಹಾಕಿಸಿದ್ದಕ್ಕಿಂತ ತೆಗೆಸುವ ಖರ್ಚೇ ಜಾಸ್ತಿ. ಇಷ್ಟು ಹೇಳಿದ ಮೇಲೆ ಅಕ್ಕ, ‘ಈಗ ಯಾಕ್ ಬಿಡು, ಮಕ್ಳೆಲ್ಲ ಚೆಂದ ಐತಿ ಅಂತಾವೆ’ ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ.

ಮನೆಯವಳ ವಿಷಯ ಹೇಳದಿದ್ದರೆ ಅಂಗಡಿಯ ವಿಷಯ ಪೂರ್ತಿಯಾಗುವುದಿಲ್ಲ. ಮೊದಮೊದಲು ಯಾರಾದರೂ ಕೇಳಿದರೆ ‘ಆರ್ಟಿಸ್ಟ್ ಅದಾರ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಹೆಣ್ಣುಮಕ್ಕಳ ಕೈ ಮುಟ್ಟುವ ಕೆಲಸ ಎಂಬುದು ಅವಳ ತವರಿನವರ ಗೊಣಗಾಟ; ಬಳೆಗಾರರೂ ಮುಟ್ಟುತ್ತಾರಲ್ಲ ಎಂಬುದು ನನ್ನ ವಾದ. ವಾದದಿಂದ ಏನೂ ಆಗಲಿಲ್ಲ. ಒಂದು ದಿನ ಒಬ್ಬ ತಾಯಿ ಮಗಳ ಜೊತೆ ಬಂದು, ಒಳಗೆ ಹೆಂಗಸರು ಯಾರೂ ಇಲ್ಲವೇ ಎಂದು ಕೇಳಿ ವಾಪಸ್ ಹೋದರು. ಅದು ಅವಳ ಕಿವಿಗೆ ಬಿತ್ತು. ಮರುದಿನದಿಂದ ಹೊಲಿಗೆ ಮೆಷಿನನ್ನು ಅಂಗಡಿಯ ಮುಂಭಾಗಕ್ಕೇ ತಂದಿಟ್ಟುಕೊಂಡಳು. ಈಗ ಹೆಂಗಸರು ಬಂದರೆ ಪರದೆಯೊಳಗೆ ಅವಳೂ ಇರುತ್ತಾಳೆ. ರಿಜಿಸ್ಟರ್ ಅವಳದು. ವಯಸ್ಸು ಹದಿನೆಂಟು ದಾಟಿದೆಯೇ ಎಂದು ಆಧಾರ್ ನೋಡುವವಳು ಅವಳು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಬಸುರು, ಬಾಣಂತನ ಎಲ್ಲ ಕೇಳುವವಳು ಅವಳು. ನಾನು ಕೇಳಿದರೆ ಮುಚ್ಚಿಡುವುದನ್ನು ಅವಳ ಹತ್ತಿರ ಹೇಳುತ್ತಾರೆ.

ಶುಚಿಯ ಮಾತಿಗೆ ಬಂದರೆ ನಾನು ಸ್ವಲ್ಪ ಕಟುಕ. ಜಾತ್ರೆಗಳಲ್ಲಿ ಒಂದು ಸಣ್ಣ ಮೋಟರು, ಒಂದು ಸೂಜಿ, ಒಂದು ಬಟ್ಟಲು ಶಾಯಿ ಇಟ್ಟುಕೊಂಡು ಕುಳಿತವರನ್ನು ನೀವೂ ನೋಡಿರುತ್ತೀರಿ. ನಮ್ಮೂರ ದುಗ್ಗಮ್ಮನ ಜಾತ್ರೆಯಲ್ಲೂ ಕೂರುತ್ತಾರೆ. ಅವರ ಹೊಟ್ಟೆಪಾಡಿನ ಬಗ್ಗೆ ನನಗೆ ಸಿಟ್ಟಿಲ್ಲ, ಕೈ ಕೂಡ ಕೆಲವರದು ಚೆನ್ನಾಗಿರುತ್ತದೆ. ಆದರೆ ಒಬ್ಬನ ರಕ್ತ ತಾಗಿದ ಸೂಜಿ ಅದೇ ಬಟ್ಟಲಿಗೆ ಅದ್ದಿ ಇನ್ನೊಬ್ಬನ ಕೈಗೆ ಹೋದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಎಲ್ಲಕ್ಕೂ ದಾರಿ. ಸೂಜಿಯನ್ನು ಬಿಸಿನೀರಲ್ಲಿ ಅದ್ದಿದರೆ, ಡೆಟಾಲ್ ಹಾಕಿ ಒರೆಸಿದರೆ ಸಾಲದು. ನಮ್ಮಲ್ಲಿ ಸೂಜಿಯ ಕಾರ್ಟ್ರಿಜ್ ಒಬ್ಬರಿಗೆ ಒಂದೇ ಸಲ. ಪೊಟ್ಟಣವನ್ನು ಗಿರಾಕಿಯ ಕಣ್ಣೆದುರೇ ಹರಿಯಬೇಕು. ಮತ್ತೆ ಬಳಸುವ ಲೋಹದ ಹಿಡಿಕೆಗಳು ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಬೇಕು. ಶಾಯಿ ಗುಬ್ಬಿಲೋಟದಷ್ಟು ಬಟ್ಟಲಲ್ಲಿ, ಉಳಿದದ್ದು ಕಸಕ್ಕೆ. ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತದಾನ ಮಾಡಬಾರದು. ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ.

ಶಾಯಿ ಮಾತ್ರ ನನ್ನ ಕೈಯಲ್ಲಿಲ್ಲದ ವಿಷಯ. ಯುರೋಪಿನಲ್ಲಿ 2022ರಿಂದ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದ್ದಾರೆ, ಮರುವರ್ಷ ಒಂದು ಹೆಸರಾದ ನೀಲಿ ಮತ್ತು ಒಂದು ಹಸಿರು ಕೂಡ ಆ ಪಟ್ಟಿಗೆ ಸೇರಿದವು. ನಮ್ಮಲ್ಲಿ ಬಾಟಲಿಯ ಮೇಲೆ ಏನು ಬರೆದಿದೆಯೋ ಅದನ್ನೇ ನಂಬಬೇಕು. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಟ್ಯಾಟೂ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ, ನಿಯಮ ತರುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಎಂದಾಗ ನಮ್ಮ ಕಸುಬಿನ ಕೆಲವರು ಹೊಟ್ಟೆ ಮೇಲೆ ಹೊಡೆದರು ಎಂದು ಕೂಗಾಡಿದರು. ನನಗೆ ಹಾಗನಿಸಲಿಲ್ಲ. ನಿಯಮ ಬಂದರೆ ಅಗ್ಗದ ಶಾಯಿಯವರ ಜೊತೆ ದರದಲ್ಲಿ ಗುದ್ದಾಡುವುದಾದರೂ ತಪ್ಪುತ್ತದೆ.

2021ರ ಅಕ್ಟೋಬರ್ 29ರ ನಂತರದ ದಿನಗಳನ್ನು ಈ ಕಸುಬಿನವರು ಯಾರೂ ಮರೆಯಲಿಕ್ಕಿಲ್ಲ. ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಬಂದ ಮೇಲೆ ಹುಡುಗರು ಸಾಲುಗಟ್ಟಿದರು. ಎಲ್ಲರಿಗೂ ಅಪ್ಪು ಮುಖವೇ ಬೇಕು, ಅದೂ ನಗುಮುಖ. ಮುಖ ಎನ್ನುವುದು ಅಂಗೈಯಷ್ಟು ಅಗಲವಾದರೂ ಇರಬೇಕು; ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಹಾಕಿದರೆ ಕಣ್ಣಿನ ಹೊಳಪಿಗೆ ಬಿಟ್ಟ ಬಿಳಿ ಮೊದಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಹಲ್ಲಿನ ಸಾಲು. ನಗು ಹೋದ ಮೇಲೆ ಅಪ್ಪು ಎಲ್ಲಿ ಉಳಿದ? ದುಡ್ಡಿಲ್ಲದ ಹುಡುಗರಿಗೆ ನಾನು ಹೇಳಿದ್ದು ಒಂದೇ, ಎರಡಕ್ಷರ ಬರೆಸಿಕೊಳ್ಳಿ ಸಾಕು. ಅಪ್ಪು ಎಂಬ ಎರಡಕ್ಷರ ಬೋರ್ಡಿನವನ ಕೈಗೆ ಹಬ್ಬ: ಅದ ದೊಡ್ಡ ಸುರುಳಿ, ಪ್ಪುವಿನ ಕೆಳಗಿನ ಒತ್ತು, ಬಲಕ್ಕೆ ಬಾಗುವ ಕೊಂಬು. ಆ ಹುಡುಗರಲ್ಲಿ ಕೆಲವರು ಈಗಲೂ ಬಂದು ತೋರಿಸಿ ಹೋಗುತ್ತಾರೆ, ಗೆರೆ ನಿಂತಿದೆ. ಇನ್ನು ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಳ ಹಿಂದೆಯೇ ಬರೆಸಿಕೊಂಡು ಗೇಲಿಗೆ ಗುರಿಯಾಗಿದ್ದವನೊಬ್ಬ, 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಗೆದ್ದ ಮೇಲೆ ಬಂದು ಕೆಳಗೆ ಇಸವಿ ಸೇರಿಸಲು ಕೇಳಿದ. ಸೇರಿಸಿದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಪ್ರೀತಿಯ ಹೆಸರುಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಬೇಡ ಎಂದರೆ ಬೇರೆ ಅಂಗಡಿಗೆ ಹೋಗುತ್ತಾರೆ, ಹಾಕಿದರೆ ಆಮೇಲೆ ಮುಚ್ಚಿಸಲು ಇಲ್ಲಿಗೇ ಬರುತ್ತಾರೆ. ಮುಚ್ಚುವ ಚಿತ್ರ ಹಳೆಯದಕ್ಕಿಂತ ಎರಡು ಮೂರು ಪಟ್ಟು ದೊಡ್ಡದೂ ಕಪ್ಪಗೂ ಇರಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಅಷ್ಟೆ.

ಹುಡುಗರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ: ಮಿಲಿಟರಿಗೋ ಪೊಲೀಸಿಗೋ ಹೋಗುವ ಯೋಚನೆ ಇದೆಯೇ? ನಮ್ಮ ಜಿಲ್ಲೆಯಲ್ಲೂ ಹಾವೇರಿ ಜಿಲ್ಲೆಯಲ್ಲೂ ಬೆಳಗಿನ ಜಾವ ಓಡುವ ಹುಡುಗರು ಬಹಳ. ಕೇಂದ್ರದ ಸಶಸ್ತ್ರ ಪಡೆಗಳ ನೇಮಕಾತಿಯಲ್ಲಿ ಎಡಗೈಯ ಮುಂಗೈ ಒಳಬದಿ ಅಥವಾ ಹಸ್ತದ ಹಿಂಬದಿಗೆ ಮಾತ್ರ ಅವಕಾಶ, ಅದೂ ದೇವರ ಚಿತ್ರವೋ ಹೆಸರೋ ಆಗಿರಬೇಕು, ಆ ಭಾಗದ ಕಾಲುಪಾಲಿಗಿಂತ ಚಿಕ್ಕದಿರಬೇಕು. ಎಡಗೈ ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈಯಲ್ಲಿ. ಬಲತೋಳಿಗೆ ಹುಲಿ ಹಾಕಿಸಿಕೊಂಡು, ದೇಹದಾರ್ಢ್ಯ ಎಲ್ಲ ಪಾಸಾಗಿ, ವೈದ್ಯಕೀಯ ಪರೀಕ್ಷೆಯಲ್ಲಿ ಹಿಂದೆ ಬಂದವನ ಮುಖ ನೋಡಿದವರಿಗೆ ಈ ಪ್ರಶ್ನೆ ಕೇಳುವುದನ್ನು ಕಲಿಸಬೇಕಾಗಿಲ್ಲ.

ನನ್ನ ಮಗಳು ಪಿಯುಸಿ ಎರಡನೇ ವರ್ಷ. ಅವಳಿಗೂ ಒಂದು ಟ್ಯಾಟೂ ಬೇಕು, ಹದಿನೆಂಟು ತುಂಬಲಿ ಎಂದಿದ್ದೇನೆ, ಅವಳ ಅಮ್ಮ ಮದುವೆಯಾಗಲಿ ಎಂದಿದ್ದಾಳೆ. ಅಷ್ಟರಲ್ಲಿ ಅವಳು ಟ್ಯಾಬ್‌ನಲ್ಲಿ ಕನ್ನಡ ಅಕ್ಷರ ಬರೆಯಲು ಶುರು ಮಾಡಿದ್ದಾಳೆ. ಕೈ ನನಗಿಂತ ಚುರುಕು. ನನ್ನ ತಕರಾರು ಏನೆಂದರೆ ಸುರುಳಿಗಳನ್ನು ತೀರ ಬಿಗಿಯಾಗಿ ಸುತ್ತುತ್ತಾಳೆ. ಪರದೆ ಮೇಲೆ ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದು, ಅಲ್ಲಿ ಯಾವ ಚುಕ್ಕೆಯೂ ಹರಡುವುದಿಲ್ಲ, ಅದಕ್ಕೆ. ‘ಅಪ್ಪಾ, ಇದು ಚರ್ಮಕ್ಕಲ್ಲ, ಬೋರ್ಡಿಗೆ’ ಎನ್ನುತ್ತಾಳೆ.

ಬೋರ್ಡು ಅಂದರೆ ನಮ್ಮದೇ ಅಂಗಡಿಯದು. ಇಷ್ಟೆಲ್ಲ ಮಾತಾಡುವ ನನ್ನ ಅಂಗಡಿಯ ಮೇಲೆ ಇರುವುದು ಇಂಗ್ಲಿಷ್ ಅಕ್ಷರದ ಒಂದು ಫ್ಲೆಕ್ಸ್; ಕಾಲೇಜು ಹುಡುಗರನ್ನು ಸೆಳೆಯಲೆಂದು ಹಾಕಿಸಿದ್ದು. 2024ರಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದ ಮೇಲೆ ಅದನ್ನು ಬದಲಿಸುವ ಮಾತು ಮನೆಯಲ್ಲಿ ನಡೆದೇ ಇದೆ. ಮಗಳು ವಿನ್ಯಾಸ ಮಾಡಿಟ್ಟಿದ್ದಾಳೆ, ಪಕ್ಕದ ಬೀದಿಯಲ್ಲಿ ಒಂದು ಗಂಟೆಗೆ ಪ್ರಿಂಟ್ ಹಾಕಿಕೊಡುತ್ತಾರೆ ಎನ್ನುತ್ತಾಳೆ. ನಾನು ತಗಡಿನ ಮೇಲೆ ಎನಾಮಲ್‌ನಲ್ಲಿ ಕೈಯಾರೆ ಬರೆಯುತ್ತೇನೆ ಎನ್ನುತ್ತೇನೆ. ಮನೆಯವಳು ಎರಡೂ ಕಡೆ ಕೇಳಿ, ದೀಪಾವಳಿಗೆ ಅಂದಿರಿ, ಸಂಕ್ರಾಂತಿಗೆ ಅಂದಿರಿ, ತಗಡು ಅಟ್ಟದ ಮೇಲೆ ತುಕ್ಕು ಹಿಡಿಯಾಕ್ ಹತ್ತೈತಿ, ಈ ಭಾನುವಾರದೊಳಗೆ ಬರೀರಿ, ಇಲ್ಲಾಂದ್ರೆ ಪ್ರಿಂಟಿಗೆ ಕೊಡ್ರಿ ಎಂದು ಗಡುವು ಕೊಟ್ಟಿದ್ದಾಳೆ. ಭಾನುವಾರ ಎರಡು ಬುಕಿಂಗ್ ಇವೆ. ಅದರಲ್ಲೊಂದು, ನೀಲಕಂಠ.